ಕಪ್ಪೆಮೀನಿನ ಕುಬಸ

೧೯೯೧ರ ಜನವರಿಯಲ್ಲಿ ನಾನು ಮಸ್ಕಿಯ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನೌಕರಿಗೆ ಸೇರಿ ನಾಲ್ಕನೇ ವರ್ಷ. ಹುಟ್ಟಿ ಬೆಳೆದದ್ದು ಲಿಂಗಸುಗೂರು, ಓದಿದ್ದು ಬೀದರ್. ಸಿಂಧನೂರಿನ ವೈದ್ಯರು ವರ್ಗವಾಗಿ ಹೋಗಿ ಅವರ ಜಾಗ ಖಾಲಿಯಿತ್ತು. ಹಾಗಾಗಿ ಮಂಗಳವಾರ ಮತ್ತು ಶುಕ್ರವಾರ ಅಲ್ಲಿನ ಪ್ರಭಾರವೂ ನನ್ನದೇ. ಹೆಣ್ಣುಮಗಳೊಬ್ಬಳು ಎತ್ತಿನ ಮೂಗುದಾರ ಹಿಡಿದು ಸೂಜಿ ಹಾಕುತ್ತಾಳೆಂದರೆ ನಂಬದ ಜನ ಮೊದಲ ವರ್ಷ ನನ್ನನ್ನು ನೋಡಲೆಂದೇ ಆಸ್ಪತ್ರೆಗೆ ಬರುತ್ತಿದ್ದರು. ನಾಲ್ಕನೇ ವರ್ಷಕ್ಕೆ ಆ ಕುತೂಹಲ ಮುಗಿದಿತ್ತು. ಕರು ಅಡ್ಡ ಸಿಕ್ಕಿಕೊಂಡರೆ, ಎಮ್ಮೆಗೆ ಕೆಚ್ಚಲುಬಾವು ಬಂದರೆ ಸಾಲಗುಂದದಿಂದ, ವಳಕಮದಿನ್ನಿಯಿಂದ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನನಗೂ ನನ್ನ ಕೆಲಸ ಬರುತ್ತದೆ ಎಂಬ ಧೈರ್ಯ ಬಂದಿತ್ತು. ಆ ಧೈರ್ಯ ತುಸು ಹೆಚ್ಚೇ ಆಗಿತ್ತೆಂದು ನನಗೆ ತಿಳಿಸಿಕೊಟ್ಟದ್ದು ಒಂದು ಮೀನು.

ಒಂದು ಶುಕ್ರವಾರ ಹತ್ತು ಗಂಟೆಯ ಸುಮಾರಿಗೆ ಸಿಂಧನೂರಿನ ಆಸ್ಪತ್ರೆಯಲ್ಲಿ ದನಗಳ ಸಾಲು ಕರಗುತ್ತಿತ್ತು. ಐವತ್ತರ ಆಸುಪಾಸಿನ ಒಬ್ಬರು ಬರಿಗೈಯಲ್ಲಿ ಬಂದು ನಿಂತರು. ಅಂಗಿಯ ತೋಳಿಗೆಲ್ಲ ಗ್ರೀಸು.

"ಏನ್ ತಂದೀರಿ?" ಎಂದು ಕೇಳಿದೆ.

"ತರಾಕ ಆಗಂಗಿಲ್ರಿ ಮೇಡಂ. ನೀರಾಗೈತಿ."

"ಎಮ್ಮಿ ಕಾಲುವ್ಯಾಗ ಬಿದ್ದೈತೇನು?"

"ಎಮ್ಮಿ ಅಲ್ರಿ, ಮೀನ. ಹೊಟ್ಟಿ ಉಬ್ಬೈತಿ. ಐದ್ ದಿನ ಆತು, ಏನೂ ತಿಂದಿಲ್ಲ."

ನಮ್ಮ ಕಂಪೌಂಡರ್ ಭೀಮಣ್ಣ ಬ್ಯಾಂಡೇಜು ಸುತ್ತುವುದನ್ನು ಬಿಟ್ಟು ನಕ್ಕ. "ಉಬ್ಬಿದ್ರ ಚಲೋನ ಆತಲ್ಲಣ್ಣ. ಒಂದ್ ಮೀನಾಗ ಎರಡ್ ದಿನದ ಸಾರು ಆಕ್ಕೈತಿ." ಬಂದವರು ನಗಲಿಲ್ಲ. ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತರು. ಮಗಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ತಂದೆಯ ಮುಖ ಹಾಗಿರುತ್ತದೆ. ಹೊರರೋಗಿಗಳ ರಿಜಿಸ್ಟರಿನಲ್ಲಿ ಎತ್ತು, ಆಕಳು, ಎಮ್ಮೆ, ಕುರಿ, ಮೇಕೆ, ಕೋಳಿ, ನಾಯಿ ಎಂದು ಅಚ್ಚಾದ ಕಾಲಮುಗಳಿದ್ದವು. ಕೊನೆಯದು 'ಇತರೆ'. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕಾಲಮಿನಲ್ಲಿ ಒಂದು ಗೆರೆ ಹಾಕಿ, ಚೀಲ ಹೆಗಲಿಗೇರಿಸಿದೆ.

ಅವರ ಹೆಸರು ಅಮರಪ್ಪ. ಕಾರವಾರದ ಬಂದರಿನಲ್ಲಿ ಹದಿನಾರು ವರ್ಷ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡಿ, ಎರಡು ವರ್ಷದ ಹಿಂದೆ ಊರಿಗೆ ಮರಳಿ, ರೈಸ್‌ಮಿಲ್ಲುಗಳ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಮನೆ ಕುಷ್ಟಗಿ ರಸ್ತೆಯ ಒಂದು ಮಿಲ್ಲಿನ ಹಿಂದೆ. ಅಂಗಳದಲ್ಲಿ ತಾಮ್ರದ ತಂತಿಯ ಸುರುಳಿಗಳು, ಪಡಸಾಲೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ತಳದಲ್ಲಿ ಮರಳು ಮತ್ತು ಚಿಪ್ಪಿನ ಚೂರು, ಮೂಲೆಯಲ್ಲಿ ಗುಳುಗುಳು ಎನ್ನುವ ಗಾಳಿಯ ಕೊಳವೆ. ಕರೆಂಟು ಹೋದರೆ ಪಂಪು ನಿಲ್ಲಬಾರದೆಂದು ಲಾರಿಯ ಬ್ಯಾಟರಿಯೊಂದನ್ನು ಜೋಡಿಸಿದ್ದರು. ತೊಟ್ಟಿಯೊಳಗೆ ನನಗೆ ಎರಡು ಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ.

"ಮೀನೆಲ್ಲೈತ್ರಿ?"

"ಅವ ರೀ ಮೀನು," ಎಂದು ಅವರು ಕಲ್ಲುಗಳನ್ನು ತೋರಿಸಿದರು.

ದೊಡ್ಡ ಕಲ್ಲು ಆಗ ಕಣ್ಣು ಹೊರಳಿಸಿತು. ಬೆಲ್ಲದ ಉಂಡೆಗೆ ಪಾಚಿ ಹತ್ತಿದಂತಹ ಮೈ, ಮುಷ್ಟಿಗಿಂತ ದೊಡ್ಡದು. ಎದೆಯ ರೆಕ್ಕೆಗಳು ಕೈಗಳಂತೆ ಮಡಚಿಕೊಂಡಿದ್ದವು. ಬಾಯಿ ಮೇಲ್ಮುಖವಾಗಿ, ಬೇಸರ ಬಂದ ಮುದುಕನ ಹಾಗೆ. ಚಿಕ್ಕದು ಕಪ್ಪಗೆ, ಅದರ ಅರ್ಧದಷ್ಟು. ಇಂಗ್ಲಿಷಿನಲ್ಲಿ ಇದಕ್ಕೆ ಫ್ರಾಗ್‌ಫಿಶ್ ಎನ್ನುತ್ತಾರೆ. ಅಮರಪ್ಪ ಕಪ್ಪೆಮೀನು ಎನ್ನುತ್ತಿದ್ದರು. ಕಾರವಾರದ ಬೋಟಿನ ಬಲೆಗೆ ಬೇಡದ ಮೀನಿನೊಡನೆ ಬಂದವುಗಳನ್ನು ಅವರ ಹಳೆಯ ಜೊತೆಗಾರ ಕ್ಯಾನಿನಲ್ಲಿಟ್ಟು ಕಳಿಸಿದ್ದ. ತಂದವನು ಖಾಜಾ ಎಂಬ ಲಾರಿ ಡ್ರೈವರ್. ಸಿಂಧನೂರಿನ ಅಕ್ಕಿ ಕಾರವಾರಕ್ಕೆ ಒಯ್ದು, ಬರುವಾಗ ಹೆಂಚು ತರುವವನು. ತಿಂಗಳಿಗೊಮ್ಮೆ ಹೆಂಚಿನ ಜೊತೆಗೆ ಎಂಟು ಕ್ಯಾನು ಸಮುದ್ರದ ನೀರೂ ತರುತ್ತಿದ್ದ.

ನನಗೆ ತೋರಿಸಲೆಂದು ಅಮರಪ್ಪ ಕಾಲುವೆಯಿಂದ ಹಿಡಿದಿಟ್ಟಿದ್ದ ಒಂದು ಸಣ್ಣ ಮೀನನ್ನು ತೊಟ್ಟಿಗೆ ಬಿಟ್ಟರು. ಕಪ್ಪು ಮೀನು ಹಣೆಯ ಮೇಲಿನ ಕೂದಲೆಳೆಯಂಥ ಕಡ್ಡಿಯನ್ನು ಮುಂದೆ ಚಾಚಿ, ತುದಿಯ ಕುಚ್ಚನ್ನು ಹುಳದಂತೆ ಅಲ್ಲಾಡಿಸಿತು. ಸಣ್ಣ ಮೀನು ಹತ್ತಿರ ಹೋಯಿತು. ಆಮೇಲೆ ಅದು ಇರಲಿಲ್ಲ. ನಾನು ರೆಪ್ಪೆ ಬಡಿದಿರಲಿಲ್ಲ, ಆದರೂ ಏನಾಯಿತೆಂದು ಕಾಣಲಿಲ್ಲ. ದೊಡ್ಡದು ಮಾತ್ರ ಅತ್ತ ನೋಡಲೂ ಇಲ್ಲ. ಅದರ ಹೊಟ್ಟೆ ಉಬ್ಬಿ ಬಾಲ ಮೇಲೆದ್ದಿತ್ತು.

ಒಳಗಿಂದ ಅಮರಪ್ಪನವರ ಹೆಂಡತಿ ಗಂಗಮ್ಮ ಚಹಾ ತಂದರು. "ಹದಿನಾರು ವರ್ಷ ಇವರು ಸಮುದ್ರದ ದಂಡ್ಯಾಗ ಇದ್ರು. ಹೊಳ್ಳಿ ಬಂದ್ರಲಾ ಅಂತ ನಾ ಖುಷಿ ಆದ್ರ, ಬೆನ್ನಿಗೆ ಸಮುದ್ರಾನೂ ಕಟಗೊಂಡು ಬಂದಾರ," ಎಂದರು. "ಉಪ್ಪಿಗೆ ಗ್ವಾಡಿ ಉದರಾಕತ್ತಾವ ನೋಡ್ರಿ." ಬಯ್ದರೂ, ಮಾತು ಮುಗಿಸುವಾಗ ಸೆರಗಿನಿಂದ ತೊಟ್ಟಿಯ ಗಾಜು ಒರೆಸಿದರು.

ದನಕ್ಕೆ ಹೊಟ್ಟೆಯುಬ್ಬರ ಬಂದರೆ ನಮಗೆ ದಾರಿ ಗೊತ್ತು. ಹಸಿ ಮೇವು ಹೆಚ್ಚಾಗಿ ಗಾಳಿ ತುಂಬಿ ಎಡ ಪಕ್ಕೆ ನಗಾರಿಯಂತಾಗುತ್ತದೆ. ಮಿತಿ ಮೀರಿದರೆ ಟ್ರೋಕಾರ್ ಎಂಬ ದಪ್ಪ ಸೂಜಿ ಚುಚ್ಚಿ ಗಾಳಿ ಬಿಡುತ್ತೇವೆ. ಮೀನಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಹುಬ್ಬು ಗಂಟಿಕ್ಕಿ, "ಅಜೀರ್ಣ ಆಗೈತಿ. ಎರಡು ದಿನ ಉಪವಾಸ ಕೆಡವ್ರಿ," ಎಂದೆ. ಐದು ದಿನದಿಂದ ಉಪವಾಸವಿದ್ದ ಮೀನಿಗೆ ನಾನು ಕೊಟ್ಟ ಚಿಕಿತ್ಸೆ ಅದು. ಗಂಗಮ್ಮ ನನ್ನನ್ನು ಒಮ್ಮೆ ನೋಡಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಆಕಸ್ಮಿಕವಾಗಿ ಆದದ್ದು. ಚೀಲದಲ್ಲಿ ಲ್ಯಾಕ್ಟೋಮೀಟರ್ ಇತ್ತು. ಹಾಲಿಗೆ ನೀರು ಬೆರೆಸಿದ್ದಾರೋ ಎಂದು ನೋಡುವ ಗಾಜಿನ ಬುರುಡೆ, ನೀರು ಎಷ್ಟು ಗಟ್ಟಿಯೋ ಅಷ್ಟು ಮೇಲೆ ತೇಲುತ್ತದೆ. ಉಪ್ಪುನೀರಿಗೂ ಇದೇ ಲೆಕ್ಕವಲ್ಲವೇ ಎನಿಸಿ, ಖಾಜಾ ಆ ವಾರ ತಂದಿದ್ದ ಕ್ಯಾನಿನ ನೀರಿನಲ್ಲಿ ತೇಲಿಬಿಟ್ಟೆ. ಇಪ್ಪತ್ತನಾಲ್ಕು ತೋರಿಸಿತು. ತೊಟ್ಟಿಯ ನೀರಿನಲ್ಲಿ ಮೂವತ್ಮೂರು.

"ನೀರು ಆರಿದ್ರ ಏನ್ ಹಾಕ್ತೀರಿ?"

"ಸಮುದ್ರದ ನೀರ ಹಾಕ್ತೀನ್ರಿ."

"ಆರೋದು ನೀರು ಮಾತ್ರ, ಅಮರಪ್ಪನವರ. ಉಪ್ಪು ಅಲ್ಲೇ ಕುಂದ್ರತೈತಿ."

ಎಂಜಿನ್ ಬಲ್ಲ ಮನುಷ್ಯ, ಹಣೆ ಹಣೆ ಬಡಿದುಕೊಂಡರು. ಕುದಿಸಿ ಆರಿಸಿದ ಸಿಹಿನೀರನ್ನು ದಿನಕ್ಕೆ ಆರು ಸಲ, ಸಲಕ್ಕೆ ಎರಡು ತಂಬಿಗೆಯಂತೆ ಸೇರಿಸಬೇಕು, ಒಮ್ಮೆಲೇ ಬೇಡ ಎಂದು ಹೇಳಿ, ಲ್ಯಾಕ್ಟೋಮೀಟರನ್ನು ಅಲ್ಲೇ ಬಿಟ್ಟು ಬಂದೆ.

ಮಂಗಳವಾರ ಹೋದಾಗ ನೀರು ಇಪ್ಪತ್ತೇಳಕ್ಕೆ ಇಳಿದಿತ್ತು, ಚಿಕ್ಕ ಮೀನು ಲವಲವಿಕೆಯಿಂದ ಓಡಾಡುತ್ತಿತ್ತು. ದೊಡ್ಡದರ ಹೊಟ್ಟೆ ಮಾತ್ರ ಇನ್ನಷ್ಟು ಉಬ್ಬಿ, ಅದು ತಳದಲ್ಲಿ ನಿಲ್ಲಲಾಗದೆ ಬಾಲ ಮೇಲೆ ಮಾಡಿ ಓಲಾಡುತ್ತಿತ್ತು. ಅಮರಪ್ಪನವರಿಗೆ ತಡೆಯಲಾಗಲಿಲ್ಲ. "ಸೂಜಿ ಹಾಕಿ ಗಾಳಿ ತಗೀರಿ ಮೇಡಂ. ದನಕ್ಕ ತಗಿತೀರಲಾ. ಸತ್ರ ನಿಮ್ಮ ಮ್ಯಾಲ ಹಾಕಂಗಿಲ್ಲ."

ಮೀನನ್ನು ಬಕೀಟಿಗೆ ತೆಗೆದುಕೊಂಡರು. ನಾನು ಚೀಲದಲ್ಲಿದ್ದ ಅತ್ಯಂತ ಸಣ್ಣ ಸೂಜಿಯನ್ನು ಕುದಿಸಿ ಸಿರಿಂಜಿಗೆ ಸಿಕ್ಕಿಸಿದೆ. ಎಡಗೈಯಲ್ಲಿ ಒದ್ದೆ ಬಟ್ಟೆ, ಬಟ್ಟೆಯೊಳಗೆ ಮೀನು. ಅದರ ಹೊಟ್ಟೆ ಬಿಗಿಯಾಗಿರಲಿಲ್ಲ, ನೆನೆಸಿದ ಸಬ್ಬಕ್ಕಿಯ ಚೀಲದಂತೆ ಮೆತ್ತಗಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಗಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದರು.

"ನಿಂದ್ರು ಡಾಕ್ಟ್ರವ್ವ. ಇದು ಬ್ಯಾನಿ ಅಲ್ಲ, ಬಸುರು."

"ನಿನಗೇನ್ ಗೊತ್ತಾಕ್ಕೈತಿ?" ಎಂದರು ಅಮರಪ್ಪ.

"ದಿನಾ ಮೂರು ಹೊತ್ತು ಇದರ ಮುಂದ ಕುಂತು ಅಕ್ಕಿ ಆರಸ್ತೀನಿ, ನನಗ ಗೊತ್ತಾಗದ ನಿಮಗ ಗೊತ್ತಾಕ್ಕೈತೇನು? ಎರಡು ವರ್ಷ ಆ ಸಣ್ಣದು ಇದರ ಸನೇಕ ಬಂದಿಲ್ಲ. ಈಗ ವಾರ ಆತು, ಬೆನ್ನು ಬಿಟ್ಟು ಹೋಗವಲ್ದು. ಬಾಯಿಲೇ ಹೊಟ್ಟಿ ಮುಟ್ಟಿ ಮುಟ್ಟಿ ನೋಡ್ತೈತಿ. ಬ್ಯಾನಿ ಬಂದಾಕಿ ಹಿಂದ ಯಾವ ಗಂಡಸು ಹಂಗ ತಿರಗ್ಯಾನ?"

ನನ್ನ ಕೈಯಲ್ಲಿದ್ದ ಸೂಜಿ ಮೀನಿನ ಹೊಟ್ಟೆಯಿಂದ ಒಂದು ಬೆರಳಿನಷ್ಟು ದೂರವಿತ್ತು. ಗಬ್ಬದ ಎಮ್ಮೆಗಳನ್ನು ನೂರಾರು ಸಲ ಪರೀಕ್ಷಿಸಿದ ನನಗೆ ಆ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ. ಮೀನನ್ನು ಮೆಲ್ಲಗೆ ತೊಟ್ಟಿಗೆ ಬಿಟ್ಟೆ. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. "ಗಂಗಮ್ಮ, ನನಗ ಮೀನಿನ ಬಗ್ಗೆ ಏನೂ ಗೊತ್ತಿಲ್ಲ," ಎಂದೆ.

"ನಂಗ ಆವತ್ತ ಗೊತ್ತಾಗಿತ್ತು," ಎಂದು ಅವರು ನಕ್ಕರು. "ಈಗ ಚಹಾ ಕುಡಿ."

ಅಂಚೆ ಕಚೇರಿಗೆ ಹೋಗಿ ಮಂಗಳೂರಿಗೆ ಟ್ರಂಕ್ ಕಾಲ್ ಹಚ್ಚಿಸಿದೆ. ನನ್ನ ಶಾಲೆಯ ಗೆಳತಿ ಶೈಲಜಾ ಅಲ್ಲಿ ಮೀನುಗಾರಿಕೆ ಓದಿ ಕೆಲಸದಲ್ಲಿದ್ದಳು. ಒಂದೂವರೆ ತಾಸು ಕಾದ ಮೇಲೆ ಲೈನು ಸಿಕ್ಕಿತು. ಸೂಜಿಯ ವಿಷಯ ಕೇಳಿ ಅವಳು ಕಿರುಚಿದ್ದು ಕೌಂಟರಿನಲ್ಲಿದ್ದವರಿಗೂ ಕೇಳಿಸಿತು. "ಚುಚ್ಚಬ್ಯಾಡ! ತತ್ತಿ ನೀರು ಹೀರಿ ಉಬ್ಬಿರ್ತಾವ. ಒಂದು ಸಂಜೀಕ ಪಟ್ಟಿ ಹಂಗ ಹೊರಗ ಬರ್ತಾವ. ಬಂದ ಕೂಡಲೇ ಗಂಡನ್ನ ಬ್ಯಾರೆ ಮಾಡ್ರಿ. ಇಲ್ಲಂದ್ರ ಹೆಣ್ಣು ಅದನ್ನ ನುಂಗತೈತಿ." ಮರಿ ಬೆಳೆಸುವ ಬಗ್ಗೆ ಕೇಳಿದೆ. ಮರಿಗಳು ಸೂಜಿಮೊನೆಯಷ್ಟು, ಅವಕ್ಕೆ ಬೇಕಾದ ಆಹಾರ ಅದಕ್ಕಿಂತ ಸಣ್ಣದು, ತನಗೆ ಗೊತ್ತಿರುವ ಯಾರೂ ಬೆಳೆಸಿಲ್ಲ ಎಂದಳು.

ಸುದ್ದಿ ತಲುಪಿಸಿದಾಗ ಅಮರಪ್ಪ ಗಾಬರಿಯಾದರು. ಗಂಗಮ್ಮನಿಗೆ ಮಾತ್ರ ಹಬ್ಬ ಬಂದ ಹಾಗಾಯಿತು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿ ಕುಬಸ ಮಾಡುತ್ತಾರೆ. "ಈ ಮನ್ಯಾಗ ಕುಬಸ ಆಗಿ ಇಪ್ಪತ್ತೆರಡು ವರ್ಷ ಆತು. ಮೀನಿಗೆ ಮಾಡಿದ್ರ ಯಾರ್ ಬ್ಯಾಡ ಅಂತಾರ?" ಎಂದು ಶುಕ್ರವಾರವೇ ಗೊತ್ತುಮಾಡಿಬಿಟ್ಟರು.

ಆ ಶುಕ್ರವಾರ ಮಧ್ಯಾಹ್ನ ಆಸ್ಪತ್ರೆ ಮುಗಿಸಿ ನಾನು ಹೋದಾಗ ಪಡಸಾಲೆಯ ತುಂಬ ಹೆಂಗಸರು. ತೊಟ್ಟಿಯ ಮೇಲೆ ಹಸಿರು ಕುಬಸದ ಬಟ್ಟೆ, ಅದರ ಮೇಲೆ ಹಸಿರು ಬಳೆ, ಐದು ಉತ್ತತ್ತಿ. ನನ್ನನ್ನು ತೊಟ್ಟಿಯ ಪಕ್ಕದ ಮಣೆಯ ಮೇಲೆ ಕೂರಿಸಿ, ಬಸುರಿಗೆ ಮುಟ್ಟಿಸಬೇಕಾದ ಅರಿಶಿನ ಕುಂಕುಮವನ್ನು ನನಗೆ ಹಚ್ಚಿದರು. ಮೀನಿಗೆ ಹಚ್ಚಲಾಗುವುದಿಲ್ಲವಲ್ಲ. ಒಬ್ಬರು ಹಾಡಿಗೆ ಗರ್ಭಿಣಿಯ ಹೆಸರು ಸೇರಿಸಬೇಕು, ಮೀನಿನ ಹೆಸರೇನು ಎಂದು ಕೇಳಿದರು. ಗಂಗಮ್ಮ ಅರೆಕ್ಷಣ ಯೋಚಿಸಿ, "ಸಮುದ್ರಮ್ಮ ಅನ್ರಿ," ಎಂದರು. ಅದೇ ಹೆಸರು ಸೇರಿಸಿ ಹಾಡಿದರು. ಹೋಳಿಗೆ ತುಪ್ಪ ಬಡಿಸಿದರು. ಮಿಲ್ಲಿನ ಹಮಾಲರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ಭೀಮಣ್ಣನೂ ಮೆಲ್ಲಗೆ ಬಂದು ಎರಡು ಹೋಳಿಗೆ ತಿಂದ. ಸಾರಿನ ಮಾತು ಎತ್ತಲಿಲ್ಲ.

ಐದೂವರೆಗೆ ಹೆಂಗಸರು ಏಳುವ ಹೊತ್ತಿನಲ್ಲಿ ಒಬ್ಬರು "ಅಯ್ಯ, ನೋಡ್ರಿ!" ಎಂದರು. ಹೆಣ್ಣು ಮೀನು ತಳದ ಮೇಲೆ ಕೈಯೂರಿ ಗಡಬಡಿಸಿ ನಡೆಯುತ್ತಿತ್ತು. ಗಂಡು ಅದರ ಹೊಟ್ಟೆಗೆ ಮೂತಿ ಹಚ್ಚಿ ಹಿಂದೆಯೇ. ಎರಡೂ ಒಮ್ಮೆಲೇ ಮೇಲಕ್ಕೆ ಚಿಮ್ಮಿದವು. ನೀರಿನ ಮೇಲ್ಭಾಗದಲ್ಲಿ ಒಂದು ಕ್ಷಣದ ಕೋಲಾಹಲ. ಕೆಳಗಿಳಿದಾಗ ಹೆಣ್ಣಿನ ಹೊಟ್ಟೆ ಖಾಲಿ ಚೀಲ. ಮೇಲೆ ಬಿಳಿ ಲೋಳೆಯ ಒಂದು ಸುರುಳಿ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಬಿಚ್ಚುತ್ತ ಬಿಚ್ಚುತ್ತ ಮಾರುದ್ದವಾಯಿತು, ತೆಳ್ಳನೆಯ ಮಲ್ಲಿನ ಬಟ್ಟೆಯನ್ನು ನೀರಿನಲ್ಲಿ ಹಾಸಿದ ಹಾಗೆ. ಅದರ ತುಂಬ ರಾಗಿಗಿಂತ ಸಣ್ಣ ಕಾಳು, ಎಣಿಸಲಾಗದಷ್ಟು.

"ಗಂಡು! ಗಂಡನ್ನ ಬ್ಯಾರೆ ಮಾಡ್ರಿ!" ಎಂದು ಕೂಗಿದೆ. ಹೆಣ್ಣು ಆಗಲೇ ಗಂಡಿನತ್ತ ತಿರುಗಿ, ಹಣೆಯ ಕಡ್ಡಿಯನ್ನು ಮುಂದೆ ಮಾಡಿತ್ತು. ಅಮರಪ್ಪ ಮೊಣಕೈವರೆಗೆ ಕೈ ಹಾಕಿ, ಮಿಲ್ಲಿನಿಂದ ತಂದಿಟ್ಟಿದ್ದ ಜಾಲರಿಯನ್ನು ಎರಡರ ನಡುವೆ ಇಳಿಸಿದರು. ಹೆಣ್ಣಿನ ಬಾಯಿ ಜಾಲರಿಗೆ ಬಡಿಯಿತು. ಗಂಗಮ್ಮ ಗಂಡನ ಒದ್ದೆ ತೋಳನ್ನು ನೋಡಿ, "ಹೊತ್ತಿಗೆ ಸರಿಯಾಗಿ ಗಂಡಸಿನ ಜೀವ ಉಳಿಸಿದ್ರಿ," ಎಂದಾಗ ಪಡಸಾಲೆಯೆಲ್ಲ ನಗೆಯಾಯಿತು.

ತತ್ತಿಯ ಹಾಸನ್ನು ಅಗಲವಾದ ಪಿಂಗಾಣಿ ತಟ್ಟೆಯಿಂದ ಎತ್ತಿ ಬೇರೆ ತೊಟ್ಟಿಗೆ ಸಾಗಿಸಿದೆವು. ನಾನು ಲಿಂಗಸುಗೂರಿನ ನಮ್ಮ ಮೇಲಧಿಕಾರಿಗಳ ಬಳಿ ಹೋಗಿ, ರಕ್ತದ ಲೇಪ ನೋಡುವ ಸೂಕ್ಷ್ಮದರ್ಶಕವನ್ನು ಎರಡು ದಿನಕ್ಕೆ ಕೇಳಿದೆ. ನಿವೃತ್ತಿಗೆ ಹತ್ತಿರವಿದ್ದ ಅವರು ಕಾರಣ ಕೇಳಿ ಕನ್ನಡಕ ತೆಗೆದರು. "ಒಯ್ಯಿರಿ. ಆದರೆ ನಾನೂ ಬರ್ತೀನಿ," ಎಂದರು. ಭಾನುವಾರ ಅಮರಪ್ಪನವರ ಕಟ್ಟೆಯ ಮೇಲೆ ಬಿಸಿಲಿಗೆ ಕನ್ನಡಿ ತಿರುಗಿಸಿ ಒಂದು ತತ್ತಿ ಇಟ್ಟು ನೋಡಿದೆವು. ಗಾಜಿನ ಮಣಿಯೊಳಗೆ ಎರಡು ಕಪ್ಪು ಕಣ್ಣು, ಅವುಗಳ ಕೆಳಗೆ ಟಕ್ ಟಕ್ ಎನ್ನುವ ಒಂದು ಚುಕ್ಕೆ. ಹಮಾಲರು, ಕುಬಸಕ್ಕೆ ಬಂದಿದ್ದ ಹೆಂಗಸರು, ಮಿಲ್ಲಿನ ಮಾಲೀಕರು, ಎಲ್ಲರೂ ಸಾಲು ಹಚ್ಚಿದರು. ಮೂಟೆ ಹೊತ್ತು ಬೆನ್ನು ಬಾಗಿದ್ದ ಒಬ್ಬ ಹಮಾಲ ಕಣ್ಣು ಎತ್ತದೆ ಕೂಗಿದ: "ಯಪ್ಪಾ, ಗುಂಡಿಗಿ ಬಡಕೊಳ್ಳಾಕತ್ತೈತಿ! ನಂದೂ ಒಳಗ ಹಿಂಗ ಬಡಕೊಂತೈತೇನು?" ನಮ್ಮ ಸಾಹೇಬರು ಎರಡು ಸಲ ಸಾಲಿನಲ್ಲಿ ನಿಂತರು.

ಸೋಮವಾರ ಮರಿಗಳು ಹೊರಬಂದವು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಧೂಳಿನ ಕಣಗಳು, ಸಾವಿರಗಟ್ಟಲೆ. ಕ್ಯಾನಿನ ನೀರಿಗೆ ಚಿಟಿಕೆ ಯೂರಿಯಾ ಹಾಕಿ ಬಿಸಿಲಲ್ಲಿಟ್ಟು ಹಸಿರುಗಟ್ಟಿಸಿ ಕೊಟ್ಟೆವು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟೆವು. ಶೈಲಜಾ ಹೇಳಿದಂತೆಯೇ ಆಯಿತು. ದಿನದಿನಕ್ಕೆ ಕಡಿಮೆಯಾಗುತ್ತ ಬಂದು ಒಂಬತ್ತನೇ ದಿನ ಕೊನೆಯದೂ ಇಲ್ಲವಾಯಿತು. ಅಮರಪ್ಪ ಅಂಗಡಿ ತೆರೆಯಲಿಲ್ಲ. ಗಂಗಮ್ಮ ಖಾಲಿ ತೊಟ್ಟಿ ತೊಳೆದು ಕವುಚಿ ಹಾಕಿ, "ನಮ್ಮ ಹತ್ರ ಅವಕ್ಕ ಉಣಿಸಾಕ ಕೂಳಿಲ್ಲ. ಕೂಳಿದ್ದಲ್ಲಿಗೆ ಕಳಸಬೇಕಿತ್ತು," ಎಂದರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮಾರ್ಚಿನ ಮೊದಲ ವಾರ ಹೆಣ್ಣಿಗೆ ಮತ್ತೆ ಹೊಟ್ಟೆ ಬಂತು. ಈ ಸಲ ತತ್ತಿಯನ್ನು ಕಡಲಿಗೇ ಒಯ್ಯಲು ನಾವು ನಾಲ್ಕು ದಿನ ಮೊದಲೇ ಸಿದ್ಧರಿದ್ದೆವು. ಖಾಜಾ ತನ್ನ ಅಕ್ಕಿಯ ಲೋಡನ್ನು ಒಂದು ದಿನ ತಡೆದ. ಶೈಲಜಾ ಫೋನಿನಲ್ಲಿ, ಅದೇ ಕಡಲಿನ ಮೀನು, ಅದೇ ಕಡಲಿಗೆ ಬಿಡುವುದರಲ್ಲಿ ತಪ್ಪಿಲ್ಲ ಎಂದಳು. ನಾನು ಎರಡು ದಿನದ ಸಾಂದರ್ಭಿಕ ರಜೆ ಕೇಳಿದೆ. ಸಾಹೇಬರು ಅರ್ಜಿಯ ಕಾರಣದ ಜಾಗದಲ್ಲಿ ತಾವೇ 'ಬಾಣಂತನ, ಬಂಧುಗಳದು' ಎಂದು ಬರೆದು ಸಹಿ ಹಾಕಿದರು.

ತತ್ತಿ ಬಿದ್ದ ಮರುದಿನ ನಸುಕಿನಲ್ಲಿ ಲಾರಿ ಹೊರಟಿತು. ಮುಂದಿನ ಸೀಟಿನಲ್ಲಿ ಖಾಜಾ, ಅಮರಪ್ಪ, ನಾನು, ಗಂಗಮ್ಮ. ಗಂಗಮ್ಮನ ಕಾಲ ಬಳಿ ಅಗಲ ಬಾಯಿಯ ಕ್ಯಾನು, ಅದಕ್ಕೆ ಬ್ಯಾಟರಿಯಿಂದ ಗಾಳಿ. ಕೊಪ್ಪಳ ದಾಟಿದ ಮೇಲೆ ಬಿಸಿಲೇರಿತು. ಗಂಗಮ್ಮ ತಮ್ಮ ಸೆರಗನ್ನು ನೆನೆಸಿ ಕ್ಯಾನಿಗೆ ಸುತ್ತಿದರು. ಗುಂಡಿ ಬಂದಾಗಲೆಲ್ಲ "ಸಾವಕಾಶ ಖಾಜಾ, ಬಾಣಂತಿ ಗಾಡಿ," ಎನ್ನುತ್ತಿದ್ದರು. ಅವನೂ ನಗದೆ, "ಹೌದಮ್ಮಾ," ಎಂದು ಗೇರು ಇಳಿಸುತ್ತಿದ್ದ.

ಕಾರವಾರ ಸೇರಿದಾಗ ಸೂರ್ಯ ನೀರಿನಿಂದ ಎರಡಾಳೆತ್ತರದಲ್ಲಿದ್ದ. ಅಲ್ಲಿ ತಿಳಿದದ್ದು, ಗಂಗಮ್ಮ ಸಮುದ್ರ ನೋಡುತ್ತಿರುವುದು ಅದೇ ಮೊದಲು. ಹದಿನಾರು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹೊಲ, ಅತ್ತೆ, ದನ ಎಂದು ಊರಲ್ಲೇ ಉಳಿದಿದ್ದರು. ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. "ಇಷ್ಟ ದೊಡ್ಡದು ಅಂತ ಯಾಕ ಹೇಳಿಲ್ಲ?" ಎಂದು ಗಂಡನನ್ನು ಕೇಳಿದರು. ಅಮರಪ್ಪ ಅವರ ಕೈಯಿಂದ ಚಪ್ಪಲಿ ತೆಗೆದುಕೊಂಡು ತಾವೇ ಹಿಡಿದುಕೊಂಡರು.

ದಂಡೆಯಲ್ಲಿ ಬಿಟ್ಟರೆ ಅಲೆ ಮರಳಿಗೆ ಎಸೆಯುತ್ತದೆಂದು ಅಮರಪ್ಪನವರ ಹಳೆಯ ಜೊತೆಗಾರ ತನ್ನ ಬೋಟಿನಲ್ಲಿ ನಮ್ಮನ್ನು ತುಸು ಒಳಗೆ ಕರೆದೊಯ್ದ. ಗಂಗಮ್ಮ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಕ್ಯಾನು ಹಿಡಿದಿದ್ದರು. ನೀರು ಶಾಂತವಾದ ಕಡೆ ಎಂಜಿನ್ ಆರಿಸಿದರು. ಗಂಗಮ್ಮ ಬಾಗಿ ಕ್ಯಾನಿನ ಬಾಯನ್ನು ನೀರಿಗೆ ಮುಳುಗಿಸಿದರು. ಬಿಳಿ ಹಾಸು ಹೊರಗೆ ಜಾರಿ, ಬಿಚ್ಚಿಕೊಂಡು, ಅಲೆಯೊಡನೆ ಏರುತ್ತ ಇಳಿಯುತ್ತ ದೂರವಾಯಿತು. ಅದರೊಳಗೆ ಸಾವಿರಾರು ಕಣ್ಣುಗಳಿದ್ದವೆಂದು ನಮಗೆ ಗೊತ್ತಿತ್ತು.

"ಹೋಗ್ರವ್ವಾ," ಎಂದರು ಗಂಗಮ್ಮ. "ದೊಡ್ಡವರ ಬಾಯಿಗೆ ಸಿಗಬ್ಯಾಡ್ರಿ. ಹೊಟ್ಟಿ ತುಂಬ ಉಣ್ರಿ."

ಆ ಜೋಡಿ ಇನ್ನೂ ಎರಡು ವರ್ಷ ಸಿಂಧನೂರಿನಲ್ಲಿ ಬದುಕಿತು. ಬೇಸಿಗೆಯಲ್ಲಿ ಐಸ್‌ಕ್ಯಾಂಡಿ ಕಾರ್ಖಾನೆಯ ಮಂಜುಗಡ್ಡೆಯನ್ನು ಸೀಸೆಯಲ್ಲಿ ತುಂಬಿ ತೊಟ್ಟಿಯಲ್ಲಿ ತೇಲಿಬಿಟ್ಟು ಕಾಪಾಡಿದರು. ಮತ್ತೆರಡು ಸಲ ತತ್ತಿಯ ಹಾಸು ಖಾಜಾನ ಲಾರಿಯಲ್ಲಿ ಕಾರವಾರಕ್ಕೆ ಹೋಯಿತು. ಎರಡೂ ಸಲ ಗಂಡ ಹೆಂಡತಿ ಜೊತೆಗೆ ಹೋಗಿ, ಒಂದು ವಾರ ಅಲ್ಲೇ ಉಳಿದು ಬಂದರು.

ನಾನು ಇಪ್ಪತ್ತೆಂಟು ವರ್ಷ ಇಲಾಖೆಯಲ್ಲಿ ದುಡಿದೆ. ಆ ಮಂಗಳವಾರದ ನಂತರ, ಯಾವ ಪ್ರಾಣಿಯ ಮುಂದೆ ನಿಂತರೂ ಮೊದಲು ಅದಕ್ಕೆ ದಿನಾ ಮೇವು ನೀರು ಹಾಕುವವರು ಯಾರೆಂದು ಕೇಳುತ್ತಿದ್ದೆ. ಅವರು ಹೆಚ್ಚಾಗಿ ಹಿಂದೆ, ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದರು. ಅವರನ್ನು ಮುಂದೆ ಕರೆದು, ಏನು ನೋಡಿದ್ದೀರಿ ಎಂದು ಕೇಳಿ, ಅವರು ಹೇಳುವಷ್ಟು ಹೊತ್ತು ಸೂಜಿಯನ್ನು ಡಬ್ಬಿಯಲ್ಲೇ ಇಟ್ಟಿರುತ್ತಿದ್ದೆ. ಇನ್ನೊಂದು ಮಾತನ್ನೂ ಕಲಿತೆ. ತಿಳಿಯದಿದ್ದಾಗ ಹುಬ್ಬು ಗಂಟಿಕ್ಕುವುದನ್ನು ಬಿಟ್ಟು, "ನನಗ ಗೊತ್ತಿಲ್ಲ, ಕೇಳಿ ಹೇಳ್ತೀನಿ," ಎನ್ನತೊಡಗಿದೆ. ಹಾಗೆಂದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆಂದು ಮೊದಮೊದಲು ಹೆದರಿದ್ದೆ. ಆದರೆ ಆ ಮಾತು ಕೇಳಿ ದನ ಬಿಚ್ಚಿಕೊಂಡು ಹೋದವರು ಒಬ್ಬರೂ ಇಲ್ಲ.